ಅಮ್ಮನ ಅಂಗಾಲು ಉರಿ, ಜೋಮು: ಮೂಳೆ ವೈದ್ಯರೋ, ನರ ವೈದ್ಯರೋ? ಪೆರ್ಲದಿಂದ ಎಲ್ಲಿಗೆ ಹೋಗುವುದು?

ಪೆರ್ಲದ ಮಗಳು | ಸೋಮವಾರ, ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 63 ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು, ಮೆಟ್‌ಫಾರ್ಮಿನ್ ಮಾತ್ರೆ ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಕಳೆದ ಮಳೆಗಾಲದಿಂದ ರಾತ್ರಿ ಮಲಗಿದ ಮೇಲೆ ಎರಡೂ ಅಂಗಾಲು ಉರಿಯುತ್ತದೆ ಎನ್ನುತ್ತಾರೆ. ಹೊದಿಕೆ ತಾಗಿದರೂ ಆಗುವುದಿಲ್ಲ. ಎದ್ದು ಹೋಗಿ ಜಗಲಿಯ ತಣ್ಣನೆಯ ಸಿಮೆಂಟಿನ ಮೇಲೆ ಪಾದ ಊರಿಕೊಂಡು ಕುಳಿತಿರುತ್ತಾರೆ. ಇದರ ಜೊತೆಗೆ ಬೆಳಗ್ಗೆ ಏಳುವಾಗ ಬಲಗಾಲಿನ ಹಿಮ್ಮಡಿ ನೆಲಕ್ಕೆ ಊರಲು ಆಗುವುದಿಲ್ಲ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅದು ಕಡಿಮೆಯಾಗುತ್ತದೆ.

ಮೊದಲು ಒಬ್ಬ ಮೂಳೆ ವೈದ್ಯರಿಗೆ ತೋರಿಸಿದೆವು. ಎಕ್ಸ್‌ರೇ ನೋಡಿ ಹಿಮ್ಮಡಿಯ ಮೂಳೆ ಬೆಳೆದಿದೆ ಎಂದರು, ನೋವಿನ ಮಾತ್ರೆ ಬರೆದರು, ಚಪ್ಪಲಿಯೊಳಗೆ ಇಡಲು ಸಿಲಿಕೋನ್ ತುಂಡು ಕೊಟ್ಟರು. ಉರಿಯ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕರೆದಾಗಿತ್ತು. ಆಮೇಲೆ ದೊಡ್ಡಮ್ಮ ಹೇಳಿದ ಎಣ್ಣೆ, ನೆರೆಮನೆಯವರು ಹೇಳಿದ ಲೇಪ ಎಂದು ನಾಲ್ಕು ತಿಂಗಳು ಕಳೆದೆವು.

ಮೊನ್ನೆ ತೋಟದಿಂದ ಮೇಲೆ ಬರುವಾಗ ಅಮ್ಮನ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಇನ್ನೊಂದು ಎಲ್ಲಿ ಎಂದು ಕೇಳಿದಾಗ ತಾನೇ ಬಗ್ಗಿ ಕಾಲು ನೋಡಿಕೊಂಡರು. ತೋಡಿನ ಬದಿಯ ಕೆಸರಿನಲ್ಲಿ ಕಳಚಿಕೊಂಡಿತ್ತು, ಇವರಿಗೆ ಗೊತ್ತೇ ಆಗಿಲ್ಲ. ಅಂದಿನಿಂದ ನನಗೆ ನಿದ್ರೆ ಇಲ್ಲ.

ಇದು ಒಂದು ಕಾಯಿಲೆಯೋ ಎರಡೋ? ಯಾವ ವೈದ್ಯರ ಬಳಿ ಹೋಗಬೇಕು? ಕಾಸರಗೋಡು, ಉಕ್ಕಿನಡ್ಕ, ಪುತ್ತೂರು, ಮಂಗಳೂರು ಎಂದು ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಿದ್ದಾರೆ.

ಸೀತಾಂಗೋಳಿ ಸರ್ಕಲ್

ಮಂಗಳೂರು. ಇದರಲ್ಲಿ ಯೋಚಿಸುವುದು ಏನಿದೆ?

ನೀರ್ಚಾಲು ಮಾವ

ಎಲ್ಲದಕ್ಕೂ ಮಂಗಳೂರು! ನೆಗಡಿಗೂ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವ ಜನ ನಾವು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಸುರಿದಾಗ ನಮಗೆ ಬುದ್ಧಿ ಬರಬೇಕಿತ್ತು.

ಮಗಳೇ, ನಿಮ್ಮ ಮನೆಯ ನೆಲ ಯಾವುದು? ಟೈಲ್ಸ್ ಇರಬೇಕು. ನಮ್ಮ ಕಾಲದಲ್ಲಿ ಸೆಗಣಿ ಸಾರಿಸಿದ ನೆಲ, ಹಿಮ್ಮಡಿ ನೋವು ಎಂಬ ಮಾತನ್ನೇ ಯಾರೂ ಕೇಳಿರಲಿಲ್ಲ. ಟೈಲ್ಸ್ ಬಂತು, ನೋವೂ ಬಂತು. ಬರಿಗಾಲಿನಲ್ಲಿ ಮಣ್ಣಿನ ಮೇಲೆ ನಡೆದರೆ ಅರ್ಧ ಗುಣ.

ಮುಳ್ಳೇರಿಯದ ಸಿಸ್ಟರ್

ಮಾವ, ದಯವಿಟ್ಟು ಆ ಬರಿಗಾಲಿನ ಮಾತನ್ನು ಇಲ್ಲಿಗೇ ನಿಲ್ಲಿಸಿ. ಚಪ್ಪಲಿ ಕಳಚಿದ್ದೇ ಗೊತ್ತಾಗದವರು ಬರಿಗಾಲಿನಲ್ಲಿ ತೋಟಕ್ಕಿಳಿದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ.

ತಂಗಿ, ನಾನು ಮೂವತ್ತು ವರ್ಷ ಶುಶ್ರೂಷೆಯ ಕೆಲಸ ಮಾಡಿ ನಿವೃತ್ತಳಾದವಳು, ವೈದ್ಯೆ ಅಲ್ಲ. ಕಾಲು ನೋಡದೆ ಹೇಳುವ ಮಾತು ಎಂದೇ ಇದನ್ನು ತೆಗೆದುಕೊಳ್ಳಿ. ನನಗೆ ಇದು ಎರಡು ತೊಂದರೆ ಎಂದು ಕಾಣುತ್ತದೆ.

ಹಾಸಿಗೆಯಿಂದ ಎದ್ದು ಊರುವ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿ, ನಡೆದಂತೆ ಸಡಿಲವಾಗುವುದು ಸಾಮಾನ್ಯವಾಗಿ ಅಂಗಾಲಿನ ಉದ್ದಕ್ಕೆ ಇರುವ ದಪ್ಪ ನಾರಿನ ಪಟ್ಟಿಯ ನೋವು. ಪ್ಲಾಂಟಾರ್ ಫೇಶಿಯೈಟಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವ ಆ ಮೂಳೆಯ ಮೊನೆ ನೋವೇ ಇಲ್ಲದ ಎಷ್ಟೋ ಜನರ ಕಾಲಿನಲ್ಲೂ ಇರುತ್ತದೆ, ಅದನ್ನು ನೋಡಿ ಹೆದರಬೇಡಿ.

ಆದರೆ ಎರಡೂ ಪಾದ ಸಮನಾಗಿ, ಬೆರಳಿನ ತುದಿಯಿಂದ ಶುರುವಾಗಿ, ರಾತ್ರಿ ಜೋರಾಗಿ ಉರಿಯುವುದು ನರದ್ದು. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ ಎಂದ ಮೇಲೆ ಅನುಮಾನ ಮೊದಲು ಅಲ್ಲಿಗೇ ಹೋಗುತ್ತದೆ. ಎಲ್ಲಕ್ಕಿಂತ ಉದ್ದವಾದ ನರಗಳು ಮೊದಲು ಸೊರಗುತ್ತವೆ, ಅದಕ್ಕೇ ಪಾದದಿಂದ ಆರಂಭ. ಕಾಲುಚೀಲ ತೊಟ್ಟ ಹಾಗೆ ಮೇಲೇರುತ್ತದೆ. ಉರಿ ಇರುವಾಗ ಜನ ಓಡಿ ಬರುತ್ತಾರೆ. ಉರಿ ನಿಂತು ಮರಗಟ್ಟಿದಾಗ ಗುಣವಾಯಿತು ಎಂದು ಮನೆಯಲ್ಲಿ ಕುಳಿತುಕೊಳ್ಳುತ್ತಾರೆ. ನಾನು ಡ್ರೆಸಿಂಗ್ ಮಾಡಿದ ಹುಣ್ಣುಗಳಲ್ಲಿ ಹೆಚ್ಚಿನವು ಈ ಎರಡನೆಯವರದ್ದು.

ಒಂದು ಕೇಳಲೇ? ಈ ಹನ್ನೊಂದು ವರ್ಷದಲ್ಲಿ ಯಾರಾದರೂ ಅಮ್ಮನ ಚಪ್ಪಲಿ ಬಿಚ್ಚಿಸಿ ಪಾದ ಮುಟ್ಟಿ ನೋಡಿದ್ದಾರೆಯೇ?

ಪೆರ್ಲದ ಮಗಳು

ಇಲ್ಲ ಅಕ್ಕ. ಪ್ರತಿ ತಿಂಗಳು ರಕ್ತ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಪಾದ ಯಾರೂ ನೋಡಿಲ್ಲ. ನಾವೂ ತೋರಿಸಿಲ್ಲ. ಕಾಲು ಮುಂದೆ ಚಾಚಿ ವೈದ್ಯರಿಗೆ ತೋರಿಸಲು ಅಮ್ಮನಿಗೆ ಸಂಕೋಚ.

ಮುಳ್ಳೇರಿಯದ ಸಿಸ್ಟರ್

ಅಲ್ಲಿಗೇ ಬಂತು ನೋಡಿ. ಸಕ್ಕರೆ ಕಾಯಿಲೆ ಇದ್ದವರ ಪಾದವನ್ನು ವರ್ಷಕ್ಕೆ ಒಮ್ಮೆಯಾದರೂ ನೋಡಬೇಕು. ಅದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, ಕಂಪನ ತಿಳಿಯುತ್ತದೆಯೇ ಎಂದು ನೋಡಲು 128 ಹರ್ಟ್ಸ್‌ನ ಒಂದು ಶ್ರುತಿಕವಲು (ಟ್ಯೂನಿಂಗ್ ಫೋರ್ಕ್), ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ತಟ್ಟಲು ಸಣ್ಣ ಸುತ್ತಿಗೆ, ನಾಡಿ ಹಿಡಿಯಲು ಎರಡು ಬೆರಳು. ಐದು ನಿಮಿಷದ ಕೆಲಸ.

ಗಲ್ಫ್ ಭಾವ

ನಾನು ಶಾರ್ಜಾದಲ್ಲಿದ್ದೇನೆ. ಇಲ್ಲಿ ಕಾಲಿಗೆ ಬಿಸಿ ಕೊಟ್ಟು ತಿಕ್ಕುವ ಯಂತ್ರ ಸಿಗುತ್ತದೆ, ಅತ್ತೆಗೆ ಕಳುಹಿಸಿದ್ದೇನೆ, ಬಹಳ ಆರಾಮ ಎನ್ನುತ್ತಾರೆ. ಬೇಕಾದರೆ ಬರುವ ತಿಂಗಳು ಊರಿಗೆ ಬರುವಾಗ ಒಂದು ತರುತ್ತೇನೆ.

ಕುಂಬಳೆ ಪ್ಯಾಸೆಂಜರ್

ಭಾವ, ನಮ್ಮ ತಂದೆ ಹೀಗೆಯೇ ಉರಿಗೆ ಎಂದು ಬಿಸಿನೀರಿನ ಬಕೆಟಿನಲ್ಲಿ ಕಾಲಿಟ್ಟು ಸಂಜೆಯ ವಾರ್ತೆ ನೋಡಿದರು. ನೀರು ಬಿಸಿ ಸಾಲದು ಎಂದು ತಾಯಿಯ ಹತ್ತಿರ ಇನ್ನೊಂದು ಚೆಂಬು ಹಾಕಿಸಿಕೊಂಡರು. ಕಾಲು ಹೊರಗೆ ತೆಗೆದಾಗ ಚರ್ಮ ಸುಲಿದಿತ್ತು. ಅವರಿಗೆ ನೋವಿಲ್ಲ, ನೋಡಿದ ನಮಗೆ ತಲೆ ತಿರುಗಿತು. ಮೂರು ತಿಂಗಳು ಡ್ರೆಸಿಂಗ್, ಕಿರುಬೆರಳು ಹೋಯಿತು. ಆ ಯಂತ್ರ ನಿಮ್ಮ ಅತ್ತೆಗೇ ಇರಲಿ.

ಗಲ್ಫ್ ಭಾವ

ಅತ್ತೆಗೂ ಸಕ್ಕರೆ ಕಾಯಿಲೆ ಇದೆ. ಈಗಲೇ ಫೋನ್ ಮಾಡುತ್ತೇನೆ.

ಹಸಿರು ಜೀವನ ಮಳಿಗೆ

ನೋವು, ಉರಿ, ಜೋಮು ಎಲ್ಲದಕ್ಕೂ ಆಯಸ್ಕಾಂತದ ಪಾದರಕ್ಷೆ! ಮಾತ್ರೆ ಬೇಡ, ಆಸ್ಪತ್ರೆ ಬೇಡ, 21 ದಿನಗಳಲ್ಲಿ ಫಲಿತಾಂಶ. ವಿವರಕ್ಕೆ ಸಂದೇಶ ಕಳುಹಿಸಿ.

ಸೀತಾಂಗೋಳಿ ಸರ್ಕಲ್

22ನೇ ದಿನ ನೀವು ಎಲ್ಲಿ ಸಿಗುತ್ತೀರಿ?

ಚಾಲಿ ಅಡಿಕೆ

ನರದ ವಿಷಯ ಬಂತು ಎಂದು ನನ್ನ ಕಥೆ ಹೇಳುತ್ತೇನೆ. ವಯಸ್ಸು 31, ಸಕ್ಕರೆ ಇಲ್ಲ, ಏನೂ ಇಲ್ಲ. ಎರಡು ವರ್ಷದ ಹಿಂದೆ ಆಳು ಸಿಗದೆ ನಾನೇ ಮಣೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅಡಿಕೆ ಸುಲಿದೆ. ಧಾರಣೆ ಚೆನ್ನಾಗಿತ್ತು, ಆಸೆ ಬಿಡಲಿಲ್ಲ, ಬೆಳಗ್ಗೆಯಿಂದ ರಾತ್ರಿಯ ತನಕ ಐದು ದಿನ. ಆರನೇ ದಿನ ಎದ್ದು ನಡೆದರೆ ಎಡಪಾದದ ಮುಂಭಾಗ ಮೇಲೇಳುವುದೇ ಇಲ್ಲ. ಹೆಜ್ಜೆ ಹಾಕಿದಾಗಲೆಲ್ಲ ಚಟ್, ಚಟ್ ಎಂದು ನೆಲಕ್ಕೆ ಬಡಿಯುತ್ತದೆ. ಮನೆಯವರು ಪಾರ್ಶ್ವವಾಯು ಎಂದು ಅಳತೊಡಗಿದರು.

ನರರೋಗ ತಜ್ಞರು ಕೈ, ಮುಖ, ಮಾತು ಎಲ್ಲ ನೋಡಿದ ಮೇಲೆ ನನ್ನ ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಇರುವ ಮೂಳೆಯ ಗುಬ್ಬಿಯ ಹತ್ತಿರ ಬೆರಳಿನಿಂದ ತಟ್ಟಿದರು. ಪಾದದ ಮೇಲಿನ ತನಕ ಮಿಂಚು ಹೊಡೆದ ಹಾಗಾಯಿತು. ಪಾದ ಎತ್ತುವ ನರ ಅಲ್ಲಿ ಚರ್ಮದ ಅಡಿಯಲ್ಲೇ ಹಾದುಹೋಗುತ್ತದಂತೆ, ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕುಳಿತರೆ ಅದು ಒತ್ತಿಹೋಗುತ್ತದಂತೆ. "ಏನು ಕೆಲಸ?" ಎಂಬುದೇ ಅವರು ಕೇಳಿದ ಮೊದಲ ಪ್ರಶ್ನೆ. ನರದಲ್ಲಿ ವಿದ್ಯುತ್ ಎಷ್ಟು ಬೇಗ ಓಡುತ್ತದೆ ಎಂದು ನೋಡುವ ಪರೀಕ್ಷೆ ಮಾಡಿದರು, ಕೆಲವು ವಾರ ಪಾದಕ್ಕೆ ಆಧಾರದ ಪಟ್ಟಿ, ಫಿಸಿಯೋಥೆರಪಿ. ಸುಮಾರು ಎರಡೂವರೆ ತಿಂಗಳಿಗೆ ಸರಿಯಾಯಿತು. ಈಗ ಸುಲಿಯಲು ಯಂತ್ರ ಇದೆ. ಯಂತ್ರದ ಸಾಲ ಇನ್ನೂ ಇದೆ.

ನೀರ್ಚಾಲು ಮಾವ

ಸುಲಿಯುವ ಯಂತ್ರದಲ್ಲಿ ಅಡಿಕೆಗೆ ಪೆಟ್ಟಾಗುವುದಿಲ್ಲವೇ? ಯಾವ ಕಂಪನಿಯದ್ದು?

ಚಾಲಿ ಅಡಿಕೆ

ಮಾವ, ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ. ಇಲ್ಲಿ ಕಾಲಿನ ಮಾತು.

ಕುಂಬಳೆ ಪ್ಯಾಸೆಂಜರ್

ಆ ವಿದ್ಯುತ್ ಪರೀಕ್ಷೆಯಲ್ಲಿ ನೋವಾಗುತ್ತದೆಯೇ? ತಂದೆಗೂ ಬರೆದಿದ್ದರು, ಶಾಕ್ ಕೊಡುತ್ತಾರೆ ಎಂದು ಹೇಳಿ ಹೋಗಲೇ ಇಲ್ಲ.

ತಲಪಾಡಿಯಾಚೆಯ ಲ್ಯಾಬ್

ನಾನು ಮಂಗಳೂರಿನಲ್ಲಿ ಆ ಪರೀಕ್ಷೆಯ ಕೋಣೆಯಲ್ಲೇ ಕೆಲಸ ಮಾಡುವವನು, ಮನೆ ಮಂಜೇಶ್ವರ. ಚಿಕ್ಕ ಚಿಕ್ಕ ಏಟು, ಕಾಲು ತನ್ನಷ್ಟಕ್ಕೆ ಹಾರುತ್ತದೆ, ಅಷ್ಟೇ. ಆ ದಿನ ಕೈಕಾಲಿಗೆ ಎಣ್ಣೆ, ಮುಲಾಮು ಹಚ್ಚಿಕೊಂಡು ಬರಬೇಡಿ. ನಮ್ಮೂರಿನವರು ಬರುವ ಮುಂಚೆ ಚೆನ್ನಾಗಿ ಎಣ್ಣೆ ತಿಕ್ಕಿಕೊಂಡೇ ಬರುತ್ತಾರೆ, ಉಜ್ಜಿ ತೆಗೆಯುವುದೇ ನನಗೊಂದು ಕೆಲಸ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಇನ್ನೊಂದು ಮಾತು. ಈ ಪರೀಕ್ಷೆ ದಪ್ಪ ನರಗಳನ್ನು ಮಾತ್ರ ಅಳೆಯುತ್ತದೆ. ಉರಿಯನ್ನು ಒಯ್ಯುವ ಅತಿ ಸಣ್ಣ ನರಗಳು ಇದರಲ್ಲಿ ಸಿಕ್ಕುವುದಿಲ್ಲ. ವರದಿ ಸರಿ ಇದೆ ಎಂದ ಮಾತ್ರಕ್ಕೆ ಉರಿ ಸುಳ್ಳು ಎಂದಲ್ಲ. ಮನೆಯವರು ರೋಗಿಯನ್ನು ಅನುಮಾನದಿಂದ ನೋಡುವುದನ್ನು ನಾನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಬದಿಯಡ್ಕ ಟೀಚರ್

ಪೆರ್ಲದ ತಂಗಿ, ವಿಟಮಿನ್ ಬಿ-12 ನೋಡಿಸಿದ್ದೀರಾ? ನಾವು ಮೀನು, ಮೊಟ್ಟೆ ಮುಟ್ಟದವರು, ಹಾಲು ಮಜ್ಜಿಗೆ ಬಿಟ್ಟರೆ ಅದು ಒಳಗೆ ಬರುವ ದಾರಿಯೇ ಇಲ್ಲ. ಅದರ ಮೇಲೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಇದ್ದದ್ದೂ ಕಡಿಮೆಯಾಗುತ್ತದೆ. ನನಗೆ ಸಕ್ಕರೆ ಇಲ್ಲದೆಯೇ ಕಾಲು ಜೋಮು ಹಿಡಿದು, ಕಣ್ಣು ಮುಚ್ಚಿ ಮುಖ ತೊಳೆಯುವಾಗ ಬೀಳುವ ಹಾಗಾಗುತ್ತಿತ್ತು. ಬಿ-12 ಬಹಳ ತಗ್ಗಿತ್ತು. ಇಂಜೆಕ್ಷನ್ ತೆಗೆದುಕೊಂಡ ಮೇಲೆ ನಿಧಾನವಾಗಿ ಸರಿಯಾಯಿತು.

ಸೀತಾಂಗೋಳಿ ಸರ್ಕಲ್

ಹಾಗಾದರೆ ಸುಲಭವಾಯಿತು. ಔಷಧಿ ಅಂಗಡಿಯಿಂದ ನರದ ಕೆಂಪು ಮಾತ್ರೆ ತಂದು ದಿನಕ್ಕೆ ಎರಡು ನುಂಗಿದರೆ ಆಯಿತಲ್ಲ?

ಮುಳ್ಳೇರಿಯದ ಸಿಸ್ಟರ್

ಆಗಲಿಲ್ಲ ತಮ್ಮ. ಮೊದಲು ರಕ್ತ ಕೊಡಬೇಕು, ಆಮೇಲೆ ಮಾತ್ರೆ ಇಂಜೆಕ್ಷನ್. ಮುಂಚೆಯೇ ತೆಗೆದುಕೊಂಡರೆ ರಕ್ತದಲ್ಲಿ ಅಂಕಿ ಏರಿ, ಕೊರತೆ ಇತ್ತೋ ಇಲ್ಲವೋ ಎಂಬುದೇ ಮುಚ್ಚಿಹೋಗುತ್ತದೆ. ಅಲ್ಲದೆ ಆ ಮಾತ್ರೆಗಳಲ್ಲಿ ಬಿ-6 ಕೂಡ ಇರುತ್ತದೆ. ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಬಹಳ ಕಾಲ ನುಂಗಿದರೆ ಅದೇ ನರಕ್ಕೆ ಪೆಟ್ಟು ಕೊಡುತ್ತದೆ. ನರಕ್ಕೆಂದು ತಿಂದ ಮಾತ್ರೆಯಿಂದಲೇ ಜೋಮು!

ತಂಗಿ, ನನ್ನ ಲೆಕ್ಕ ಹೀಗೆ. ಮೊದಲು ಸಕ್ಕರೆ ಕಾಯಿಲೆ ನೋಡುವ ಒಬ್ಬ ಫಿಸಿಶಿಯನ್. ಮೂರು ತಿಂಗಳ ಸಕ್ಕರೆಯ ಸರಾಸರಿ, ಬಿ-12, ಥೈರಾಯ್ಡ್, ಮೂತ್ರಪಿಂಡದ ಕ್ರಿಯಾಟಿನಿನ್ ಇವಿಷ್ಟನ್ನು ಕೇಳಿ ಮಾಡಿಸಿ. ಇಷ್ಟಕ್ಕೆ ಮಂಗಳೂರು ಬೇಕಾಗಿಲ್ಲ. ನಿಮ್ಮ ಕುಟುಂಬ ಆರೋಗ್ಯ ಕೇಂದ್ರದಿಂದಲೇ ಶುರು ಮಾಡಬಹುದು. ಹಿಮ್ಮಡಿಗೆಂದು ಕೊಟ್ಟ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ಮುಂದುವರಿಸಬೇಡಿ, ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ನರದ ಉರಿಗೆ ಅದು ಹೆಚ್ಚು ನಾಟುವುದೂ ಇಲ್ಲ. ನರದ ಉರಿಗೆ ಬೇರೆಯೇ ಔಷಧಿಗಳಿವೆ, ತೂಕಡಿಕೆ ತರುತ್ತವೆ, ಅದನ್ನು ವೈದ್ಯರೇ ಕಡಿಮೆ ಪ್ರಮಾಣದಿಂದ ಏರಿಸಬೇಕು.

ನರರೋಗ ತಜ್ಞರು ಬೇಕಾಗುವುದು ಯಾವಾಗ ಎಂದರೆ: ಒಂದೇ ಕಾಲಿಗೆ ಇದ್ದಾಗ, ಶಕ್ತಿ ಕುಂದಿದಾಗ, ವಾರಗಳಲ್ಲಿ ಬೇಗ ಮೇಲೇರಿದಾಗ, ಕೈಯಲ್ಲೇ ಮೊದಲು ಶುರುವಾದಾಗ. ಸೊಂಟ ನೋವಿನ ಜೊತೆ ತೊಡೆಸಂದು ಮರಗಟ್ಟಿ ಮೂತ್ರ ಕಟ್ಟಿದರೆ, ಪಾದ ಕೆಂಪಾಗಿ ಬಿಸಿಯಾಗಿ ಊದಿದರೆ, ಬೆರಳು ಕಪ್ಪಾದರೆ ಮರುದಿನಕ್ಕೂ ಕಾಯಬಾರದು. ಊದಿದ ಪಾದ ನೋಯುವುದಿಲ್ಲ ಎಂದು ಸಮಾಧಾನಪಡುವುದು ಇನ್ನೂ ಕೆಟ್ಟದು.

ಉಪ್ಪಳದ ಟೈಲರ್

ನನಗೆ ನಡೆದರೆ ಮೀನಖಂಡ ಹಿಡಿಯುತ್ತಿತ್ತು. ಉಪ್ಪಳ ಪೇಟೆಯಿಂದ ರೈಲು ನಿಲ್ದಾಣಕ್ಕೆ ಹೋಗುವಾಗ ಎರಡು ಕಡೆ ನಿಲ್ಲಬೇಕು, ನಿಂತರೆ ಬಿಡುತ್ತದೆ, ನಡೆದರೆ ಪುನಃ ಹಿಡಿಯುತ್ತದೆ. ನರ ಎಳೆದಿದೆ ಎಂದು ಉಳುಕು ತೆಗೆಯುವವರ ಬಳಿ ಮೂರು ಸಲ ಹೋದೆ. ಕೊನೆಗೆ ಒಬ್ಬರು ಪಾದದ ನಾಡಿ ಹಿಡಿದು, ಇದು ನರ ಅಲ್ಲ, ರಕ್ತನಾಳ ಕಟ್ಟಿದೆ ಎಂದರು. ಬೀಡಿ ಬಿಡಿಸಿದರು. ದಿನಕ್ಕೆ ಒಂದು ಕಟ್ಟು ಎಳೆಯುತ್ತಿದ್ದವನು ನಾನು. ನಮ್ಮಲ್ಲಿ ರಕ್ತನಾಳಕ್ಕೂ ನರ ಎನ್ನುತ್ತೇವೆ, ಸ್ನಾಯುವಿಗೂ ನರ ಎನ್ನುತ್ತೇವೆ. ಮತ್ತೆ ವೈದ್ಯರಿಗೆ ಹೇಗೆ ಗೊತ್ತಾಗಬೇಕು?

ಬದಿಯಡ್ಕ ಟೀಚರ್

ಟೈಲರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ಅದರ ಮೇಲೆ ನಮಗೆ ಭಾಷೆಯ ಕಷ್ಟ ಬೇರೆ. ನಾನು ಜೋಮು ಎಂದೆ, ಮಲಯಾಳಿ ವೈದ್ಯರು ನೋವು ಎಂದು ಬರೆದುಕೊಂಡರು. ಈಗ ನಾಲ್ಕು ಶಬ್ದ ಕಲಿತಿದ್ದೇನೆ. ಉರಿಗೆ ಪುಗಚ್ಚಿಲ್, ಜುಮುಜುಮು ಎನ್ನುವುದಕ್ಕೆ ತರಿಪ್ಪ್, ಮರಗಟ್ಟಿದ್ದಕ್ಕೆ ಮರವಿಪ್ಪ್, ಸೆಳೆಯುವ ನೋವಿಗೆ ಕಡಚ್ಚಿಲ್. ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.

ನೀರ್ಚಾಲು ಮಾವ

ಕಾಸರಗೋಡಿನಲ್ಲಿ ಕನ್ನಡಿಗ ಕಾಲು ನೋವನ್ನೂ ಮಲಯಾಳದಲ್ಲೇ ಅನುಭವಿಸಬೇಕೇ? ಕನ್ನಡ ಬಲ್ಲ ಒಬ್ಬರನ್ನು ಕೂರಿಸಲಿ.

ಬದಿಯಡ್ಕ ಟೀಚರ್

ಕೂರಿಸಲಿ ಮಾವ, ಮನವಿ ಬರೆಯಿರಿ, ಮೊದಲ ಸಹಿ ನನ್ನದು. ಅಲ್ಲಿಯವರೆಗೆ ಕಾಲು ಕಾಯುವುದಿಲ್ಲ.

ಮುಳ್ಳೇರಿಯದ ಸಿಸ್ಟರ್

ಇನ್ನೊಂದನ್ನು ಯಾರೂ ಹೇಳಲಿಲ್ಲ, ನಾಚಿಕೆಯಿಂದ ಹೇಳುವುದಿಲ್ಲ. ಚರ್ಮದ ಮೇಲೆ ಬಿಳಿಚಿದ ಅಥವಾ ಕೆಂಪು ಕಲೆ ಇದ್ದು, ಅಲ್ಲಿ ಮುಟ್ಟಿದರೆ ತಿಳಿಯದಿದ್ದರೆ ಕುಷ್ಠರೋಗದ ಪರೀಕ್ಷೆ ಮಾಡಿಸಲೇಬೇಕು. ಔಷಧಿ ಸರಕಾರಿ ಕೇಂದ್ರದಲ್ಲಿ ಉಚಿತ, ಆರು ತಿಂಗಳು ಅಥವಾ ಹನ್ನೆರಡು ತಿಂಗಳು. ಬೇಗ ಹೋದರೆ ನರ ಉಳಿಯುತ್ತದೆ.

ಕುಂಬಳೆ ಪ್ಯಾಸೆಂಜರ್

ಹಿಮ್ಮಡಿ ನೋವಿಗೆ ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಅಂಗಾಲಿನ ಕೆಳಗೆ ಉರುಳಿಸಿದರೆ ಒಳ್ಳೆಯದು. ನನಗೆ ಅದರಲ್ಲೇ ಹೋಯಿತು.

ಮುಳ್ಳೇರಿಯದ ಸಿಸ್ಟರ್

ನಿಮಗೆ ಸರಿ. ಸ್ಪರ್ಶ ಕಡಿಮೆಯಾದ ಕಾಲಿಗೆ ಬಿಸಿಯೂ ಬೇಡ, ಮಂಜುಗಡ್ಡೆಯೂ ಬೇಡ. ಗೋಡೆಗೆ ಕೈಯೂರಿ ಮೀನಖಂಡ ಎಳೆಯುವ ವ್ಯಾಯಾಮ ಸಾಕು. ಅಮ್ಮನ ಕಾಲಿನಲ್ಲಿ ಆಣಿ ಇದ್ದರೆ ಬ್ಲೇಡಿನಿಂದ ಕೊಯ್ಯಲು ಬಿಡಬೇಡಿ.

ಪೆರ್ಲದ ಮಗಳು | ಮೂರು ವಾರಗಳ ನಂತರ

ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮಿಸಿ. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಗೆ ಬರೆಸಿಕೊಂಡು, ವರದಿಗಳೊಂದಿಗೆ ಒಬ್ಬ ಫಿಸಿಶಿಯನ್ ಬಳಿ ಹೋದೆವು. ಈ ಸಲ ನಾನು ಒಳಗೆ ಹೋದ ಕೂಡಲೇ "ಡಾಕ್ಟ್ರೇ, ಮೊದಲು ಪಾದ ನೋಡಿ" ಎಂದೆ. ಅವರು ನಕ್ಕು, ಅಮ್ಮನನ್ನು ಮಂಚದ ಮೇಲೆ ಮಲಗಿಸಿದರು. ಅಮ್ಮ ಸೀರೆಯ ಅಂಚಿನಿಂದ ಪಾದ ಒರೆಸಿಕೊಂಡರು. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗ ಹೂಂ ಎನ್ನಿ ಎಂದು ಹೇಳಿ ಆ ನೈಲಾನ್ ಎಳೆಯಿಂದ ಹೆಬ್ಬೆರಳಿಗೆ ಒತ್ತಿದರು, ಎಳೆ ಬಿಲ್ಲಿನ ಹಾಗೆ ಬಾಗಿತು. ಮಧ್ಯದ ಬೆರಳಿನ ಬುಡ, ಕಿರುಬೆರಳಿನ ಬುಡ, ಪುನಃ ಹೆಬ್ಬೆರಳು. ಅಮ್ಮ ಸುಮ್ಮನೆ ಮಲಗಿದ್ದರು. ನಾಲ್ಕು ಸಲ ಒತ್ತಿ ಆದ ಮೇಲೆ ಅಮ್ಮ ಕೇಳಿದರು: "ಯಾವಾಗ ಶುರು ಮಾಡುವುದು?"

ವೈದ್ಯರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಸಿಸ್ಟರ್ ಅಕ್ಕ ಹೇಳಿದ ಹಾಗೆ ಎರಡು ತೊಂದರೆ. ಟೀಚರ್ ಹೇಳಿದ್ದೂ ಸರಿ, ಬಿ-12 ಕಡಿಮೆ ಇದೆ, ಇಂಜೆಕ್ಷನ್ ಶುರುವಾಗಿದೆ. ಸಕ್ಕರೆಯ ಮಾತ್ರೆಯನ್ನೂ ಬದಲಿಸಿದರು. ರಾತ್ರಿಗೆ ಒಂದು ಚಿಕ್ಕ ಕ್ಯಾಪ್ಸೂಲ್. ಮೊದಲ ಎರಡು ದಿನ ಅಮ್ಮ ಬೆಳಗ್ಗೆ ಹಾಲು ಉಕ್ಕಿದ್ದೂ ತಿಳಿಯದಷ್ಟು ತೂಕಡಿಸಿದರು, ಈಗ ಪರವಾಗಿಲ್ಲ. ಜಗಲಿಗೆ ಹೋಗಿ ಕೂರುವುದು ವಾರಕ್ಕೆ ಎರಡು ಸಲಕ್ಕೆ ಇಳಿದಿದೆ. ಹೋದ ಸ್ಪರ್ಶ ಪೂರ್ತಿ ಹಿಂದೆ ಬರುವ ಭರವಸೆ ಕೊಡಲಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದರು. ಆರು ತಿಂಗಳ ಬಳಿಕ ಪುನಃ ಪಾದ ನೋಡುತ್ತಾರಂತೆ, ಅದಕ್ಕೆ ಮೊದಲು ಶಕ್ತಿ ಕುಂದಿದರೆ ನರರೋಗ ತಜ್ಞರಿಗೆ ಚೀಟಿ.

ಈಗ ದೊಡ್ಡ ಜಗಳ ಬೇರೆಯದೇ. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನು ಮನೆಯೊಳಗೂ ಹಾಕಬೇಕು ಎಂದಿದ್ದಾರೆ. ಅಮ್ಮ ಒಪ್ಪುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಡುಗೆ ಮನೆಗೆ, ದೇವರ ಕೋಣೆಗೆ ಹೇಗೆ ಹೋಗುವುದು ಎಂದು ಕೇಳುತ್ತಾರೆ.

ನೀರ್ಚಾಲು ಮಾವ

ಅವರು ಕೇಳುವುದರಲ್ಲಿ ತಪ್ಪೇನಿದೆ? ಅಡುಗೆ ಮನೆಯಲ್ಲಿ ಚಪ್ಪಲಿ ಎಂದರೆ ಯಾರು ಒಪ್ಪುತ್ತಾರೆ?

ಬದಿಯಡ್ಕ ಟೀಚರ್

ಮಾವ, ಹಿಂದೆ ಹಿರಿಯರು ಮನೆಯೊಳಗೆ ಮರದ ಹಾವುಗೆ ಮೆಟ್ಟಿ ಓಡಾಡುತ್ತಿರಲಿಲ್ಲವೇ? ಅಂಗಳಕ್ಕೆ ಇಳಿಯದ ಒಂದು ಜೊತೆಯನ್ನು ಬೇರೆಯೇ ಇಟ್ಟರೆ ಅದು ಹಾವುಗೆಯೇ ಆಯಿತು.

ಮುಳ್ಳೇರಿಯದ ಸಿಸ್ಟರ್

ದೇವರ ಕೋಣೆಯಲ್ಲಿ ಮಣೆಯ ಮೇಲೆ ಕುಳಿತೇ ಪೂಜೆ ಮಾಡಲಿ, ಬಾಗಿಲ ತನಕ ಚಪ್ಪಲಿ. ಹೊಸ ಜೊತೆ ತೆಗೆದುಕೊಳ್ಳಲು ಸಂಜೆ ಹೋಗಿ, ಬೆಳಗಿನ ಪಾದಕ್ಕಿಂತ ಸಂಜೆಯ ಪಾದ ಸ್ವಲ್ಪ ಊದಿರುತ್ತದೆ. ಹಾಕುವ ಮುಂಚೆ ಪ್ರತಿ ಸಲ ಒಳಗೆ ಕೈಯಾಡಿಸಿ ನೋಡಲಿ. ರಾತ್ರಿ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುವ ಕೆಲಸ ನಿಮ್ಮದು.

ಪೆರ್ಲದ ಮಗಳು | ಮರುದಿನ

ಹಾವುಗೆ ಎಂದೆ, ಒಪ್ಪಿದರು. ಎರಡು ಜೊತೆ ತಂದೆ. ಒಳಗಿನದ್ದಕ್ಕೆ ಗುರುತಿಗೆಂದು ಅಮ್ಮನೇ ಪಟ್ಟಿಗೆ ಕೆಂಪು ನೂಲು ಸುತ್ತಿದ್ದಾರೆ. ತೋಟಕ್ಕೆ ಹಿಂಬದಿ ಬೆಲ್ಟ್ ಇರುವುದು, ಕೆಸರಿನಲ್ಲಿ ಕಳಚದ ಹಾಗೆ.

ಸೀತಾಂಗೋಳಿ ಸರ್ಕಲ್

ಮಂಗಳೂರಿಗೆ ಹೋಗದೆಯೇ ಆಯಿತಲ್ಲ. ನನ್ನ ಮೊದಲ ಉತ್ತರವನ್ನು ಹಿಂದಕ್ಕೆ ತೆಗೆದುಕೊಂಡೆ.

ನೀರ್ಚಾಲು ಮಾವ

ಮಗಳೇ, ಆ ಎಂಸಿಆರ್ ಒಂಬತ್ತನೇ ಅಳತೆಯಲ್ಲಿ ಸಿಗುತ್ತದೆಯೇ? ಕ್ರಯ ಎಷ್ಟು? ನನಗಲ್ಲ, ಸುಮ್ಮನೆ ಕೇಳಿದೆ.

ಮುಳ್ಳೇರಿಯದ ಸಿಸ್ಟರ್

ಮಾವ, ಸಂಜೆ ಹೋಗಿ.